ಎಡವಟ್ಟಕ್ಕನ ಕನ್ನಡಕದಂಗಡಿ

ಅವಳು ನನ್ನ ಸೋದರತ್ತೆಯ ಮಗಳು. ವರಸೆ ಹಿಡಿದರೆ ಅತ್ತಿಗೆಯಾಗಬೇಕು. ನಾನು ಮಾತು ಕಲಿತಾಗಿನಿಂದ ಕರೆದದ್ದು ಅಕ್ಕ ಎಂದೇ. ಮನೆಯ ಉಳಿದವರಿಗೆಲ್ಲ ಅವಳು ‘ಎಡವಟ್ಟು’.

ಅತ್ತೆ ತೀರಿಕೊಂಡಾಗ ಅಕ್ಕನಿಗೆ ಆರು ವರ್ಷ. ಅವಳಪ್ಪ ಕೆಲಸ ಹುಡುಕಿಕೊಂಡು ಹೋದವನು ಹೋದವನೇ. ನನ್ನಪ್ಪ ತಂಗಿಯ ಮಗಳನ್ನು ಒಂದು ಕೈಚೀಲದ ಸಮೇತ ಕರೆದುಕೊಂಡು ಬಂದ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಮನೆ. ಅಲ್ಲಿ ಆಗಲೇ ನಾವು ಮೂವರು ಮಕ್ಕಳು, ಅಪ್ಪ, ಅಮ್ಮ, ಅಮ್ಮನ ಹೊಲಿಗೆ ಯಂತ್ರ. “ಇವಳನ್ನ ಎಲ್ಲಿ ಮಲಗಿಸ್ಲಿ, ನನ್ನ ತಲೆ ಮೇಲಾ?” ಎಂದು ಅಮ್ಮ ಕೇಳಿದ್ದಳಂತೆ.

ಅಕ್ಕ ಲೋಟ ಬೀಳಿಸುತ್ತಿದ್ದಳು, ಬಕೆಟ್ಟಿನೊಳಗೆ ಕಾಲಿಡುತ್ತಿದ್ದಳು. ಒಂದು ಸಂಜೆ ಮೊಳೆಗೆ ನೇತುಹಾಕಿದ್ದ ಅಪ್ಪನ ಕೋಟಿಗೆ “ಮಾವ, ಯಾವಾಗ ಬಂದ್ರಿ?” ಎಂದು ಕೇಳಿದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಮ್ಮ ಮಾತ್ರ ನಗಲಿಲ್ಲ. “ಕಣ್ಣೇನು ಬೆನ್ನಲ್ಲಿದೆಯೇನೇ ನಿಂಗೆ?” ಎಂದು ಗದರಿದಳು. ದಿನಕ್ಕೆ ಹತ್ತು ಸಲ ಈ ಮಾತು ಬರುತ್ತಿತ್ತು. ಆದರೆ ಅವಳ ಕಣ್ಣಿಗೇ ಏನಾದರೂ ಆಗಿರಬಹುದೆಂದು ಒಬ್ಬರಿಗೂ ಹೊಳೆಯಲಿಲ್ಲ.

ಶಾಲೆಯಲ್ಲಿ ಉದ್ದಗಿದ್ದಾಳೆಂದು ಕೊನೆಯ ಬೆಂಚಿಗೆ ಹಾಕಿದರು. ಬೋರ್ಡಿನ ಮೇಲಿರುವುದನ್ನು ಓದು ಎಂದರೆ ಸುಮ್ಮನೆ ನಿಲ್ಲುವಳು. ಸ್ಕೇಲಿನ ಏಟು ಬೀಳುವುದು. ಪುಸ್ತಕವನ್ನು ಮೂಗಿಗೆ ತಾಗಿಸಿ ಓದಿದರೆ “ಮೂಸಿ ನೋಡಿದ್ರೆ ವಿದ್ಯೆ ಹತ್ತಲ್ಲ” ಎಂದು ಮೇಷ್ಟ್ರು ಇಡೀ ತರಗತಿಯನ್ನು ನಗಿಸುವರು. ಒಂದೇ ತರಗತಿಯಲ್ಲಿ ಎರಡು ಸಲ ನಪಾಸಾದಳು. ಹದಿಮೂರಕ್ಕೆ ಅಮ್ಮ ಶಾಲೆ ಬಿಡಿಸಿ, ಹೊಲಿದ ಬಟ್ಟೆಯ ದಾರದ ತುದಿ ಕತ್ತರಿಸಲು ಪಕ್ಕದಲ್ಲಿ ಕೂರಿಸಿಕೊಂಡಳು. ಮೂರನೆಯ ದಿನವೇ ಅಕ್ಕ ದಾರದ ಜೊತೆ ಯಾರದೋ ಹೊಸ ಅಂಗಿಯ ತೋಳನ್ನೂ ಕತ್ತರಿಸಿದಳು. ಏಟು ತಿಂದು ಬಂದು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ಹೇಳಿದಳು:

“ನಾನೂ ನಿಮ್ಮೆಲ್ಲರ ಹಾಗೇ ನೋಡ್ತೀನಿ ಕಣೇ. ಆದ್ರೂ ನಂಗೊಬ್ಬಳಿಗೇ ಯಾಕೆ ಹೀಗಾಗತ್ತೆ?”

ಅವಳಿಗೆ ಹದಿನೈದು, ನನಗೆ ಹನ್ನೊಂದು. ಅಪ್ಪನ ಕನ್ನಡಕದ ಕಾಲು ಕಳಚಿಬಂದು, ಸರಿ ಮಾಡಿಸಿ ತರಲು ನಮ್ಮಿಬ್ಬರನ್ನು ಕಳಿಸಿದರು. ಕನ್ನಡಕದಂಗಡಿಯನ್ನು ನಡೆಸುತ್ತಿದ್ದವರು ದೊಡ್ಡ ಗಂಟಲಿನ ಒಬ್ಬ ವಿಧವೆ. ಅವರು ತಲೆ ತಗ್ಗಿಸಿ ಸ್ಕ್ರೂ ತಿರುಗಿಸುತ್ತಿದ್ದಾಗ ಅಕ್ಕ ತಟ್ಟೆಯಲ್ಲಿ ಯಾರಿಗೋ ಮಾಡಿಟ್ಟಿದ್ದ ಕನ್ನಡಕ ಹಾಕಿಕೊಂಡು ಬಾಗಿಲಿಗೆ ಹೋದಳು. ಅಲ್ಲೇ ನಿಂತುಬಿಟ್ಟಳು. ಎದುರಿನ ಮನೆಯ ಮಹಡಿಯಲ್ಲಿ ಒಬ್ಬಾಕೆ ಬಟ್ಟೆ ಒಣಗಹಾಕುತ್ತಿದ್ದಳು.

“ಅವರು ನಗ್ತಿದ್ದಾರೆ” ಎಂದಳು ಅಕ್ಕ.

“ಅದರಲ್ಲೇನಿದೆ?”

“ಇಷ್ಟು ದೂರದಿಂದ ಮುಖ ಕಾಣತ್ತೇನೇ ನಿಂಗೆ? ದಿನಾ?”

“ಎಲ್ರಿಗೂ ಕಾಣತ್ತಲ್ಲ.”

ಅಕ್ಕ ಕನ್ನಡಕ ತೆಗೆದು ನೋಡಿದಳು, ಮತ್ತೆ ಹಾಕಿಕೊಂಡು ನೋಡಿದಳು. ಅಂಗಡಿಯಾಕೆ ಎದ್ದು ಬಂದರು. ಗೋಡೆಯ ಮೇಲಿನ ಅಕ್ಷರದ ಪಟದ ಎದುರು ನಿಲ್ಲಿಸಿದರು. ಕನ್ನಡಕ ತೆಗೆದರೆ ಅಕ್ಕನಿಗೆ ಮೇಲಿನ ಸಾಲಿನ ದೊಡ್ಡ ಅಕ್ಷರವೂ ಕಾಣಲಿಲ್ಲ. “ಇಷ್ಟು ವರ್ಷ ಈ ಮಗೂನ ಯಾರೂ ಕೇಳ್ಲೇ ಇಲ್ವಾ?” ಎಂದು ಅವರು ನನ್ನ ಮೇಲೆ ರೇಗಿದರು.

ವಾರದ ನಂತರ ಅವರೇ ಒಂದು ಹಳೆಯ ಚೌಕಟ್ಟಿಗೆ ಹೊಸ ಗಾಜು ಕೂರಿಸಿಕೊಟ್ಟರು. ಅದನ್ನು ಹಾಕಿಕೊಂಡು ಮನೆಗೆ ಬಂದ ಅಕ್ಕ, ಯಂತ್ರದ ಮುಂದೆ ಕೂತಿದ್ದ ಅಮ್ಮನನ್ನು ಬಾಗಿಲಿಂದಲೇ ಎವೆಯಿಕ್ಕದೆ ನೋಡಿದಳು.

“ಏನೇ ಹಾಗೆ ನೋಡ್ತೀಯಾ?”

“ಅತ್ತೆ, ನೀವು ಇಷ್ಟೊಂದು ಸುಸ್ತಾಗಿದ್ದೀರಾ? ನಂಗೆ ಇಲ್ಲೀತನಕ ನಿಮ್ಮ ದನಿ ಮಾತ್ರ ಗೊತ್ತಿತ್ತು.”

ಅಮ್ಮನ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ಎದ್ದು ಅಡುಗೆಮನೆಗೆ ಹೋದಳು. ಬಹಳ ಹೊತ್ತು ನಲ್ಲಿಯ ನೀರು ಸುರಿಯುವ ಸದ್ದಷ್ಟೇ ಕೇಳಿಸಿತು.

ಮರುದಿನ ಅಮ್ಮನೇ ಅವಳನ್ನು ಮತ್ತೆ ಶಾಲೆಗೆ ಸೇರಿಸಿ ಬಂದಳು. ತನಗಿಂತ ನಾಲ್ಕು ವರ್ಷ ಸಣ್ಣ ಮಕ್ಕಳ ನಡುವೆ, ಮೊಣಕಾಲು ಬೆಂಚಿಗೆ ತಾಗಿಸಿಕೊಂಡು ಅಕ್ಕ ಓದಿದಳು. ಸಂಜೆ ಕನ್ನಡಕದಂಗಡಿಯಲ್ಲಿ ಕೆಲಸ ಕಲಿತಳು. ಶಾಲೆ ಮುಗಿಸಿ ಕಣ್ಣಾಸ್ಪತ್ರೆಯಲ್ಲಿ ಎರಡು ವರ್ಷ ಕಣ್ಣು ಪರೀಕ್ಷೆಯ ತರಬೇತಿ ಪಡೆದಳು. ಮುಟ್ಟಿದ್ದನ್ನೆಲ್ಲ ಒಡೆಯುತ್ತಿದ್ದ ಆ ಕೈ ಈಗ ಸಾಸಿವೆಯಷ್ಟು ಸ್ಕ್ರೂಗಳನ್ನು ಒಂದೇ ಸಲಕ್ಕೆ ಕೂರಿಸುತ್ತಿತ್ತು. ಅಂಗಡಿಯಾಕೆ ತಮಗೆ ವಯಸ್ಸಾದಾಗ ಬೀಗದ ಕೈಯನ್ನು ಅಕ್ಕನಿಗೇ ಕೊಟ್ಟರು.

ಅಂಗಡಿ ಕೈಗೆ ಬಂದ ಮೊದಲ ವರ್ಷದಿಂದಲೇ ಅಕ್ಕ ಅಕ್ಷರದ ಪಟ ಸುತ್ತಿಕೊಂಡು ಶಾಲೆ ಶಾಲೆ ಸುತ್ತತೊಡಗಿದಳು. ನಮ್ಮ ಶಾಲೆಗೆ ಹೋದಾಗ ನಾನೂ ಜೊತೆಗಿದ್ದೆ. ಅದೇ ಮೇಷ್ಟ್ರು, ತಲೆ ಪೂರ್ತಿ ಬೆಳ್ಳಗಾಗಿತ್ತು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ತಾವೇ ಕರೆತಂದು ನಿಲ್ಲಿಸಿದರು. ಕೊನೆಯಲ್ಲಿ ಕೇಳಿದರು, “ಕಣ್ಣು ಕಾಣದವರು ಎಷ್ಟು ಜನ ಸಿಕ್ಕಿದ್ರಮ್ಮಾ?”

“ಏಳು, ಸಾರ್.”

“ಅವರಲ್ಲಿ ಮೂವರಿಗೆ ನಾನು ಹೊಡೆದಿದ್ದೀನಿ.”

ಅಕ್ಕ ಪಟ ಸುತ್ತುತ್ತ, “ಕನ್ನಡಕ ಬರೋವರೆಗೂ ಅವರನ್ನ ಮುಂದಿನ ಬೆಂಚಲ್ಲಿ ಕೂರ್ಸಿ ಸಾರ್” ಎಂದಳು, ಅಷ್ಟೇ.

ಈಗ ಅಕ್ಕನಿಗೆ ಅಂಥ ಎರಡು ಅಂಗಡಿಗಳಿವೆ. ಒಳಗೆ ಗಾಜು ಉಜ್ಜುವ ಯಂತ್ರದ ಮುಂದೆ ಭಾವ ಕೂರುತ್ತಾರೆ. ಬೋರ್ಡಿನಲ್ಲಿ ಏನೇ ಬರೆದಿರಲಿ, ನಮ್ಮ ಬೀದಿಯ ಹಳಬರಿಗೆ ಅದು ‘ಎಡವಟ್ಟಕ್ಕನ ಅಂಗಡಿ’. ಅವಳಿಗೆ ಬೇಸರವಿಲ್ಲ, ಎಲ್ಲರಿಗಿಂತ ಜೋರಾಗಿ ನಗುವವಳು ಅವಳೇ.

ಹೋದ ವರ್ಷ ಅಮ್ಮ ತೀರಿಕೊಂಡಳು. ಆ ಎರಡು ಕೋಣೆ ಖಾಲಿ ಮಾಡಲು ನಾವಿಬ್ಬರೇ ಹೋಗಿದ್ದೆವು. ಎಷ್ಟೋ ವರ್ಷದಿಂದ ಗಂಟಲಲ್ಲಿದ್ದ ಮಾತನ್ನು ಅಂದು ಕೇಳಿದೆ: “ಅಮ್ಮನ ಮೇಲೆ ಸಿಟ್ಟಿತ್ತಾ ನಿಂಗೆ?”

“ಇಲ್ದೆ ಏನು? ನಿಮಗಿಂತ ಒಂದು ತುತ್ತು ಕಮ್ಮಿನೇ ಬಡಿಸ್ತಿದ್ರು. ಕಣ್ಣು ಕಾಣ್ದಿದ್ರೂ ಹೊಟ್ಟೆಗೆ ಗೊತ್ತಾಗ್ತಿತ್ತು.” ಅಮ್ಮನ ಕಂಬಳಿಯನ್ನು ಕೈಗೆತ್ತಿಕೊಂಡಳು. “ಆದ್ರೆ ನಂಗೆ ಜ್ವರ ಬಂದಾಗ ಮೂರು ದಿನ ಮಿಷನ್ ಮುಟ್ಲಿಲ್ಲ ಕಣೇ. ಪಕ್ಕದಲ್ಲೇ ಕೂತಿದ್ರು. ಎರಡೂ ಮರೆತಿಲ್ಲ ನಾನು.”

ಆಮೇಲೆ ಕಂಬಳಿಯನ್ನು ಕೊಡವಿ, ಒಂದು ತುದಿಯನ್ನು ನನ್ನತ್ತ ಎಸೆದಳು.

“ಅಳೋದು ಆಮೇಲೆ. ಆ ಕಡೆ ಗಟ್ಟಿಯಾಗಿ ಹಿಡ್ಕೋ, ಮಡಚೋಣ.”