ಮಹಾರಾಣಿಯ ಕಾಯಿಲೆ

ಹಾಲು ಕಾಯಿಸಬೇಕು, ಮಾವನ ಮಾತ್ರೆಗಳನ್ನು ಬಟ್ಟಲಿಗೆ ಹಾಕಿಡಬೇಕು, ಒಣಗಿದ ಬಟ್ಟೆ ಮಡಚಬೇಕು, ಗಂಡನ ಅಂಗಿಗೆ ಇಸ್ತ್ರಿ, ಮಗಳ ಡಬ್ಬಿಗೆ ಊಟ, ಮಂಚದಡಿಯ ಕಸ, ಕೊನೆಗೆ ಬಚ್ಚಲು. ಬೆಳಕು ಹರಿಯುವ ಮುಂಚೆ ಇಷ್ಟೂ ಆಗಬೇಕು. ಎಷ್ಟೋ ಮನೆಗಳಲ್ಲಿ ಆಗುತ್ತದೆ, ಅದರಲ್ಲೇನೂ ಹೊಸದಿಲ್ಲ. ಆದರೆ ಈ ಮನೆಯಲ್ಲಿ ಇದನ್ನೆಲ್ಲ ಮಾಡುವವಳ ತಲೆಯ ಮೇಲೆ ಇವತ್ತು ಗುಂಗುರು ಕೂದಲಿದ್ದರೆ ನಾಳೆ ಹೆಗಲವರೆಗಿನ ನೇರ ಕೂದಲು, ನಾಡಿದ್ದು ಅಲ್ಲಲ್ಲಿ ನರೆ.

ಆಕೆ ವಿಗ್ ಮಾಡುವವಳು. ಕಾಯಿಲೆಯಿಂದ ಕೂದಲು ಉದುರಿದವರಿಗಾಗಿ ಒಂದೊಂದೇ ಎಳೆಯನ್ನು ತೆಳು ಬಲೆಗೆ ಕಟ್ಟುವ ಕೆಲಸ. ಕಾರ್ಖಾನೆಯಲ್ಲಿ ಉಳಿದ ಹೆಂಗಸರು ಮುಗಿದ ವಿಗ್ಗನ್ನು ಮರದ ತಲೆಗೆ ತೊಡಿಸಿ ನೋಡಿ ಕಳಿಸುತ್ತಿದ್ದರು. ಆಕೆಗೆ ಅದು ಒಗ್ಗದು. "ಮರದ ತಲೆ ಕಸ ಗುಡಿಸುತ್ತಾ? ಒಲೆ ಮುಂದೆ ಬೆವರುತ್ತಾ?" ಎನ್ನುವಳು. ತನ್ನ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡು, ಮೇಲೊಂದು ತೆಳು ಟೋಪಿ ಹಾಕಿ, ವಿಗ್ ತೊಟ್ಟು ಬೆಳಗಿನ ಕೆಲಸವೆಲ್ಲ ಮುಗಿಸುವಳು. ಬಗ್ಗಿದಾಗ ಜಾರಿತೇ, ಆವಿಗೆ ಸಡಿಲವಾಯಿತೇ, ಎಲ್ಲಿ ತುರಿಸಿತು ಎಂದು ನೋಡಿ, ಕನ್ನಡಿಯೆದುರು ನಿಂತು ಹಣೆಯಂಚನ್ನು ಆ ಕಡೆ ಈ ಕಡೆಯಿಂದ ಪರೀಕ್ಷಿಸಿ, ಆಮೇಲೇ ತೊಳೆದು ಕಳಿಸುವಳು. "ಹೇಗಿದೆ? ಎಷ್ಟು ಚೆನ್ನಾಗಿ ಕೂತಿದೆ ನೋಡಿ" ಎಂದು ಮನೆಯವರನ್ನೆಲ್ಲ ಕರೆದು ಕೇಳುವಳು. ಕೆಲಸ ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನಲು ಆಕೆಗೆ ಎಂದೂ ನಾಲಿಗೆ ತಡವರಿಸಿದ್ದಿಲ್ಲ. ಅದಕ್ಕೇ ಗಂಡ 'ಮಹಾರಾಣಿ' ಎಂದು ಅಡ್ಡಹೆಸರಿಟ್ಟಿದ್ದ.

ವಿಗ್ ಕೋಣೆಯನ್ನು ನಡೆಸುತ್ತಿದ್ದ ಮೇಲ್ವಿಚಾರಕಿ ನಿವೃತ್ತಳಾಗುತ್ತಾಳೆಂದು ಗೊತ್ತಾದಾಗ ಮನೆಯ ಮಾತಿನ ಧಾಟಿ ಬದಲಾಯಿತು. ಆ ಜಾಗ ಬೇಕೆನ್ನುವವರು ತಿಂಗಳ ಕೊನೆಯ ಶನಿವಾರ ಕಾರ್ಖಾನೆಯ ಯಜಮಾನಿಯ ಮುಂದೆ, ಎಲ್ಲರೆದುರು, ತಾವೇಕೆ ತಕ್ಕವರೆಂದು ಹೇಳಬೇಕಿತ್ತು.

"ನಾನೇ ಕೇಳ್ತೀನಿ. ನನಗಿಂತ ಚೆನ್ನಾಗಿ ಮಾಡೋರು ಅಲ್ಲಿ ಯಾರೂ ಇಲ್ಲ" ಎಂದಳು ಊಟದ ಹೊತ್ತಿಗೆ.

ಮಗಳು ಫೋನಿನಿಂದ ತಲೆಯೆತ್ತಿದಳು. "ಅಮ್ಮಾ, ನಿಜ ಹೇಳ್ಲಾ? ನೀನು ನಾರ್ಸಿಸಿಸ್ಟ್. ಕನ್ನಡಿ ಬಿಟ್ಟು ಬರಲ್ಲ, ಹೊಗಳಿಕೆ ಬೇಕು, ನನಗಿಂತ ಯಾರಿಲ್ಲ ಅಂತೀಯ. ಈಗ ನೋಡಿದ ವಿಡಿಯೋದಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದ್ದಾರೆ."

"ಏನೇ ಅದು?"

"ತನ್ನನ್ನು ತಾನೇ ಪ್ರೀತಿಸೋ ಕಾಯಿಲೆ. ವಾಸಿಯಾಗಲ್ಲವಂತೆ."

"ನಾನು ಬರೀ ಕೊಬ್ಬು ಅಂದ್ಕೊಂಡಿದ್ದೆ" ಎಂದ ಗಂಡ, ನೀರಿಗಾಗಿ ಖಾಲಿ ಲೋಟವನ್ನು ಆಕೆಯತ್ತ ಸರಿಸುತ್ತಾ. "ಮೇಲ್ವಿಚಾರಕಿ ಬೇರೆ ಆಗಿಬಿಟ್ರೆ ಹಿಡಿಯೋರುಂಟಾ?"

ಆಕೆ ಲೋಟ ತುಂಬಿಸಿದಳು. ಕೊಬ್ಬು ಎಂದರೆ ತಿರುಗಿ ಅನ್ನಬಹುದಿತ್ತು. ಕಾಯಿಲೆ ಎಂದರೆ ಏನು ಹೇಳುವುದು? ಮಾರನೆಯ ದಿನದಿಂದ ಕನ್ನಡಿಗೆ ಬೆನ್ನು ಹಾಕಿದಳು. ವಿಗ್ ತೊಡುವುದನ್ನೂ ಬಿಟ್ಟು, ಎಲ್ಲರಂತೆ ಮರದ ತಲೆಗೆ ತೊಡಿಸಿ ನೋಡಿ ಕಳಿಸಿದಳು.

ಹಾಗೆ ಹೋದದ್ದರಲ್ಲಿ ಒಂದು ವಾಪಸ್ ಬಂತು. ಕೊಂಡವಳು ಶಾಲೆಯ ಟೀಚರ್. ಕರಿಹಲಗೆಯ ಕೆಳಸಾಲಿನಲ್ಲಿ ಬರೆಯಲು ಬಗ್ಗಿದಾಗ ವಿಗ್ ಕಣ್ಣಿನ ಮೇಲೆ ಜಾರಿತ್ತು, ಇಡೀ ತರಗತಿಯ ಮುಂದೆ. ಅದನ್ನು ಕಟ್ಟಿದವಳು ಮಡಿಲಲ್ಲಿಟ್ಟುಕೊಂಡು ಸಡಿಲವಾದ ಅಂಚನ್ನು ಬೆರಳಿಂದ ಸವರಿ ನೋಡಿದಳು. ಅಂದು ಸಂಜೆ ಮನೆಗೆ ಹೋಗುವ ಬದಲು ತಮ್ಮನ ಬಾಡಿಗೆ ಕೋಣೆಯ ಬಾಗಿಲು ತಟ್ಟಿದಳು.

ಮನೆಯವರು ಬಾಯಿಗೆ ಬಂದಂತೆ ಆಡಿದ ಆ ಕಾಯಿಲೆಯ ಹೆಸರನ್ನು ತಮ್ಮನಿಗೆ ನಿಜವಾಗಿ ಕೊಟ್ಟದ್ದು ಮನೋವೈದ್ಯರು, ಎಷ್ಟೋ ದಿನ ಮಾತಾಡಿಸಿದ ಮೇಲೆ. ಆ ಹೊತ್ತಿಗೆ ಅವನ ಹೆಂಡತಿ ಬಿಟ್ಟುಹೋಗಿದ್ದಳು, ಕೆಲಸಗಳೂ ಒಂದರ ಹಿಂದೊಂದು ಹೋಗಿದ್ದವು. ಈಗ ತಪ್ಪದೆ ಚಿಕಿತ್ಸೆಗೆ ಹೋಗುತ್ತಿದ್ದ.

"ನಿನ್ನ ಕಾಯಿಲೆ ನನಗೂ ಇದೆಯಂತೆ, ಮಗಳು ಫೋನಲ್ಲಿ ನೋಡಿ ಹೇಳಿದ್ಳು. ಇದೆಯೇನೋ?" ಎಂದಳು ಅಕ್ಕ, ಚಪ್ಪಲಿ ಬಿಡುವ ಮುಂಚೆಯೇ.

"ಅದನ್ನ ನಾನು ಹೇಳಕ್ಕಾಗಲ್ಲ, ನಿನ್ನ ಮಗಳ ಫೋನೂ ಹೇಳಕ್ಕಾಗಲ್ಲ. ಕೂತ್ಕೋ." ಎಲ್ಲ ಕೇಳಿದ ಮೇಲೆ ಅವನೊಂದು ಪ್ರಶ್ನೆ ಕೇಳಿದ. "ಆ ವಿಗ್ ವಾಪಸ್ ಬಂದಾಗ ನಿನಗೆ ಮೊದಲು ಯಾರ ನೆನಪಾಯ್ತು?"

"ಟೀಚರ್‌ದು. ಪಾಪ, ಅಷ್ಟು ಮಕ್ಕಳ ಮುಂದೆ."

"ನಾನಾಗಿದ್ರೆ ನನ್ನ ಮರ್ಯಾದೆ ನೆನಪಾಗೋದು. ಬಗ್ಗಿದ್ದು ಅವಳ ತಪ್ಪು ಅಂತ ಕೂಗಾಡ್ತಿದ್ದೆ." ಅವನು ಹೂಜಿಯಿಂದ ನೀರು ಬಗ್ಗಿಸಿ ಅಕ್ಕನಿಗೆ ಕೊಟ್ಟ. "ತನ್ನನ್ನು ತಾನೇ ಪ್ರೀತಿಸೋದು ಅಂತಾರಲ್ಲ, ನನ್ನನ್ನ ಕಂಡ್ರೆ ನನಗೇ ಆಗ್ತಿರಲಿಲ್ಲ ಅಕ್ಕ. ಯಾರೂ ಹೊಗಳದ ದಿನ ನಾನು ಇದ್ದೀನೋ ಇಲ್ವೋ ಅನ್ನೋ ಹಾಗಾಗೋದು. ಆ ಥರದ ವಿಡಿಯೋ ನಾನೂ ನೋಡಿದೀನಿ. ಇಂಥವರಿಂದ ಓಡಿಹೋಗಿ ಅಂತ ಮುಗಿಯುತ್ತೆ. ನಾನು ಎಲ್ಲಿಗೆ ಓಡ್ಲಿ?"

"ವಾಸಿಯಾಗಲ್ಲ ಅಂದ್ಳು ಮಗಳು."

"ನಿಧಾನ, ಅಷ್ಟೇ. ಈಗ ಕೂಗೋ ಮುಂಚೆ ಒಮ್ಮೊಮ್ಮೆ ನನಗೇ ಗೊತ್ತಾಗುತ್ತೆ. ಹಾಗಂತ ಮಾಡಿದ್ದೆಲ್ಲ ಮಾಫ್ ಆಗಲ್ಲ. ಹೆಂಡತಿ ಬಿಟ್ಟುಹೋಗಿದ್ದು ಸರೀನೇ."

ಅವನ ಬಾಯಲ್ಲಿ ಇಂಥ ಮಾತನ್ನು ಆಕೆ ಕೇಳಿರಲಿಲ್ಲ. ಹೆಮ್ಮೆಯೆನಿಸಿತು, ಹೇಳಿದಳು ಕೂಡ. ಆಮೇಲೆ ಕೇಳಿದಳು, "ಹಾಗಾದ್ರೆ ನಮ್ಮನೆಯವರಿಗೆ ಇರಬಹುದಾ? ಕೂತಲ್ಲಿಗೇ ನೀರು ಬೇಕು ಅವರಿಗೆ."

ತಮ್ಮ ನಕ್ಕ. "ನೀನೂ ಶುರು ಮಾಡಿದ್ಯಾ? ಬಾವನಿಗಿರೋದು ಸೋಮಾರಿತನ. ಅದಕ್ಕೆ ಡಾಕ್ಟರು ಬೇಡ, ಕೈಗೊಂದು ಪೊರಕೆ ಕೊಡು ಸಾಕು."

ಆಕೆ ಟೀಚರ ವಿಗ್ಗನ್ನು ಬಿಚ್ಚಿ ಅಂಚನ್ನು ಹೊಸದಾಗಿ ಕಟ್ಟಿ, ತಾನೇ ತೊಟ್ಟು ನೆಲ ಒರೆಸಿ, ಕನ್ನಡಿಯ ಮುಂದೆ ಬೇಕಾದಷ್ಟು ಹೊತ್ತು ನಿಂತು, ಕ್ಷಮೆ ಕೇಳಿ ತಲುಪಿಸಿದಳು.

ಆ ಶನಿವಾರ ಕಾರ್ಖಾನೆಯ ಕೋಣೆಯಲ್ಲಿ ಹೆಂಗಸರೆಲ್ಲ ಗೋಡೆಗೊರಗಿ ಕೂತಿದ್ದರು. ಯಜಮಾನಿ ಒಬ್ಬೊಬ್ಬರನ್ನೇ ನೋಡಿದಳು. "ಅಯ್ಯೋ, ನನಗೇನು ಬರುತ್ತೆ" ಎಂದಳು ಮೊದಲನೆಯವಳು. "ದೊಡ್ಡವರಿದ್ದಾರಲ್ಲ" ಎಂದಳು ಎರಡನೆಯವಳು. "ಯಾರಾದರೂ ಸರಿ" ಎಂದಳು ಮೂರನೆಯವಳು. ಮನೆಯಲ್ಲಿ ಕೊನೆಗೆ ಉಣ್ಣಲು ಕಲಿತವರು ಇಲ್ಲೂ ಅದನ್ನೇ ಮಾಡುತ್ತಿದ್ದರು.

ಆಕೆಯ ಸರದಿ ಬಂತು. ಪಕ್ಕದವಳು ಮೆಲ್ಲಗೆ ಸೆರಗು ಜಗ್ಗಿದಳು, ಹೆಚ್ಚು ಮಾತು ಬೇಡವೆಂಬಂತೆ. ಎಲ್ಲರಂತೆ ಒಂದು ಮಾತು ಹೇಳಿ ಕೂತರೆ ಮನೆಯಲ್ಲೂ ನೆಮ್ಮದಿ, ಇಲ್ಲೂ ನೆಮ್ಮದಿ. ಆಕೆ ಸೆರಗು ಬಿಡಿಸಿಕೊಂಡು ಎದ್ದು ನಿಂತಳು.

"ಈ ಕೋಣೆಯಲ್ಲಿ ಎಲ್ಲರಿಗಿಂತ ಒಳ್ಳೆ ಕೆಲಸ ನನ್ನದು. ಈ ಜಾಗ ನನಗೆ ಬೇಕು. ಯಾಕೆ ಅಂತ ಹೇಳ್ತೀನಿ, ಕೇಳಿ."