ಮೂರನೇ ಸಭೆಯ ಪೊರ್ಬುಗಳು

ಪೊರ್ಬುಗಳನ್ನು ಕಂದು ನಿಲುವಂಗಿಯಲ್ಲಿ ಹೂಳಿದರೋ ಕರಿ ಕೋಟಿನಲ್ಲೋ, ನನಗೆ ಖಚಿತವಿಲ್ಲ. ನನ್ನ ನೆನಪು ಕಂದು ಎನ್ನುತ್ತದೆ. ಆಗ ನನ್ನ ಜೊತೆ ಕೋಣೆ ಹಂಚಿಕೊಂಡಿದ್ದ ಗೆಳೆಯ, ಕೋಟು ಎಂದು ಆಣೆ ಇಟ್ಟು ಹೇಳುತ್ತಾನೆ. ಮೊನ್ನೆ ಮಣಿಪಾಲದ ನನ್ನ ಮನೆಯಲ್ಲಿ ಹಳೆಯ ಕಪಾಟು ತೆರೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು... ಅಂದಿನಿಂದ ಈ ಪ್ರಶ್ನೆ ಬಿಡುತ್ತಿಲ್ಲ. ಸಾಕ್ಷ್ಯವಿಲ್ಲದೆ ಏನನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಈಗ ನನ್ನ ತಲೆಯನ್ನೇ ನಂಬುವಂತಿಲ್ಲ.

ಓದುವಾಗ ಕಲ್ಯಾಣಪುರದಲ್ಲಿ ಅವರ ಮನೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆವು. ಅವರಿಗೆ ಸೈಕಲ್ ರಿಪೇರಿ ಅಂಗಡಿ ಇತ್ತು. ಊರಿನವರು ಕ್ರೈಸ್ತ ಗಂಡಸರನ್ನು ಕರೆಯುವಂತೆ ನಾವೂ ಪೊರ್ಬುಗಳು ಎನ್ನುತ್ತಿದ್ದೆವು. ಅವರ ಹೆಂಡತಿ ಬಾಯಮ್ಮ. ತಿಂಗಳಿಗೊಂದು ಭಾನುವಾರ ಪೊರ್ಬುಗಳು “ಇವತ್ತು ಮೂರನೇ ಸಭೆ ಉಂಟು” ಎಂದು ಹೊರಡುತ್ತಿದ್ದರು. ಮೊದಲೆರಡು ಸಭೆ ಯಾವಾಗ ಮುಗಿಯಿತು ಎಂದು ಒಮ್ಮೆ ಕೇಳಿದೆ.

“ಅದು ಮೀಟಿಂಗಿನ ಲೆಕ್ಕ ಅಲ್ಲ ಮಾರಾಯ್ರೆ. ಅಸ್ಸಿಸಿಯ ಸಂತ ಫ್ರಾನ್ಸಿಸರ ಬಡತನದ ದಾರಿ ಹಿಡಿದವರಲ್ಲಿ ಒಂದನೇ ಸಭೆ ಸನ್ಯಾಸಿಗಳಿಗೆ, ಎರಡನೇದು ಕನ್ಯಾಸ್ತ್ರೀಯರಿಗೆ. ಮೂರನೇದು ಹೆಂಡತಿ ಹತ್ತಿರ ಬೈಸಿಕೊಳ್ಳುವವರಿಗೆ.”

ಬೈಸಿಕೊಳ್ಳಲು ಕಾರಣ ಇತ್ತು. ಆ ಮನೆಯಲ್ಲಿ ಎರಡೆರಡು ಇದ್ದ ಯಾವ ವಸ್ತುವೂ ಉಳಿಯುತ್ತಿರಲಿಲ್ಲ. ಒಂದು ಯಾರದೋ ಕೈ ಸೇರುತ್ತಿತ್ತು. ಒಂದು ಮಳೆಗಾಲ ನನ್ನ ಕೊಡೆಯನ್ನೇ ಯಾರಿಗೋ ಕೊಟ್ಟುಬಿಟ್ಟರು. ಜಗಳಕ್ಕೆ ಹೋದೆ.

“ಅವನಿಗೆ ಬಸ್ಸಿಗೆ ಹೋಗಬೇಕಿತ್ತು. ನಿಮಗೆ ಮನೆಯೊಳಗೆ ಕೊಡೆ ಎಂತಕ್ಕೆ?”

ಇಂಥ ಮನುಷ್ಯನ ಜೊತೆ ವಾದ ಮಾಡುವುದು ಹೇಗೆ? ಇಂದಿಗೂ ಸಿಟ್ಟು ಬರುತ್ತದೆ.

ಅವರು ತಮಗೆಂದು ಕಾಪಾಡಿಕೊಂಡದ್ದು ಒಂದೇ. ನುಸಿಗುಳಿಗೆ ಹಾಕಿ ಕಪಾಟಿನಲ್ಲಿಟ್ಟಿದ್ದ ಒರಟು ಬಟ್ಟೆಯ ಕಂದು ನಿಲುವಂಗಿ, ಸೊಂಟಕ್ಕೆ ಮೂರು ಗಂಟಿನ ಹಗ್ಗ. ಸಭೆಯ ಹಳಬರನ್ನು ಅದರಲ್ಲೇ ಹೂಳುತ್ತಿದ್ದರಂತೆ.

“ನನ್ನನ್ನೂ ಇದರಲ್ಲೇ ಕಳಿಸಬೇಕು. ಇವಳು ಒಪ್ಪುವುದಿಲ್ಲ. ನೀವು ಓದಿದವರು, ನೀವು ಹೇಳಿದರೆ ಕೇಳಿಯಾಳು.”

ಅವರು ತೀರಿಕೊಂಡ ದಿನ ಆ ಮಾತು ಹೇಳಿದೆ. ಬಾಯಮ್ಮ ಅಳು ನಿಲ್ಲಿಸಿ ನನ್ನನ್ನೇ ನೋಡಿದರು.

“ಅವರು ಬಡವರ ಹಾಗೆ ಬದುಕಿದ್ದು ಅವರ ಇಷ್ಟ. ನಾನು ಬದುಕಿದ್ದು ಯಾರ ಇಷ್ಟ? ನನ್ನನ್ನು ಯಾರಾದರೂ ಕೇಳಿದ್ರಾ? ಇವತ್ತು ಒಂದು ದಿನ ನನ್ನ ಗಂಡನ ಹಾಗೆ ಹೋಗಲಿ. ಮದುವೆಯ ಕೋಟು ಹಾಕ್ತೇನೆ.”

ಆಮೇಲೆ... ಪೆಟ್ಟಿಗೆ, ಮೇಣದ ಬತ್ತಿಗಳು, ಕೊಂಕಣಿ ಹಾಡು. ಆ ಪೆಟ್ಟಿಗೆಯೊಳಗೆ ನನಗೆ ಕಾಣುವುದು ಕಂದು ಬಣ್ಣವೇ. ಆಗಬೇಕೆಂದು ಬಯಸಿದ್ದನ್ನೇ ಆಯಿತೆಂದು ಇಟ್ಟುಕೊಂಡೆನೋ ಏನೋ.

ಕಳೆದ ಭಾನುವಾರ ಕಲ್ಯಾಣಪುರಕ್ಕೆ ಹೋದೆ. ಬಾಯಮ್ಮನೂ ಈಗಿಲ್ಲ, ಮನೆಯಲ್ಲಿ ಬೇರೆಯವರಿದ್ದಾರೆ. ಕೇಳೋಣವೆಂದರೆ ಇಬ್ಬರೂ ಇಲ್ಲ ಎಂಬುದು ಗೇಟಿನ ಮುಂದೆ ನಿಂತಾಗಲೇ ಸರಿಯಾಗಿ ತಟ್ಟಿದ್ದು. ಪಕ್ಕದ ಮನೆಯ ಮುದುಕರನ್ನು ಕೇಳಿದೆ.

“ಕೋಟೇ. ಅದೂ ನನ್ನದು. ಬಾಯಮ್ಮ ಕಪಾಟು ತೆಗೆದು ನೋಡಿದರೆ ಮದುವೆಯ ಕೋಟು ಎಲ್ಲಿ ಉಂಟು? ಪುಣ್ಯಾತ್ಮ ಅದನ್ನು ಯಾವತ್ತೋ ಒಬ್ಬ ಮದುಮಗನಿಗೆ ಕೊಟ್ಟು ಆಗಿತ್ತು!”

ಮುದುಕರ ನೆನಪನ್ನು ಮಾತ್ರ ನಂಬುವುದು ಹೇಗೆ? ಹಿತ್ತಲಲ್ಲಿ ಮೀನು ತೊಳೆಯುತ್ತಿದ್ದ ಅವರ ಹೆಂಡತಿಯನ್ನು ಬೇರೆಯಾಗಿ ಕೇಳಿದೆ. ಅವರು ತಲೆ ಎತ್ತದೆ ಹೇಳಿದರು:

“ಹೌದು, ಇವರದ್ದೇ. ತೋಳು ಉದ್ದ ಆಗಿತ್ತು. ಬೆರಳ ತುದಿ ಮಾತ್ರ ಕಾಣ್ತಿತ್ತು.”