ಸಹಿ ಮಾಡಿದ ಖಾಲಿ ಫಾರ್ಮು

ನಮ್ಮ ಕೆ.ಜಿ.ಎಫ್.ನಲ್ಲಿ ಫಾರ್ಮ್ ಬರೆಸಿಕೊಳ್ಳಲು ನನ್ನ ಬಳಿ ಬರುವವರು ಮೊದಲೇ ಸಹಿ ಹಾಕಿಕೊಂಡು ಬರುತ್ತಾರೆ. ಗಣಿ ನಡೆಯುತ್ತಿದ್ದ ಕಾಲದ ಅಭ್ಯಾಸ. ಗಣಿಯ ಲ್ಯಾಬಿನಲ್ಲಿ ಅದಿರು ಪರೀಕ್ಷಿಸುತ್ತಿದ್ದ ನನ್ನ ಡ್ಯಾಡಿಯ ಹತ್ತಿರ ಸಂಜೆ ಜನ ಹೆಬ್ಬೆಟ್ಟು ಒತ್ತಿದ ಖಾಲಿ ಕಾಗದ ಹಿಡಿದು ಬರುತ್ತಿದ್ದರು. ಅವರು ಹೇಳಿದ್ದು ಬಿಟ್ಟು ಡ್ಯಾಡಿ ಒಂದಕ್ಷರ ಬರೆದವರಲ್ಲ.

ನಾನು ಬರೆದೆ.

ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸು ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಯವಳು. ಮೂರು ವರ್ಷದ ಹಿಂದೆ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಯ ಕೈಯಲ್ಲಿ ಪಿಯುಸಿ ಅರ್ಜಿ. ಸಹಿ ಆಗಿತ್ತು, ಉಳಿದದ್ದೆಲ್ಲ ಖಾಲಿ.

“ಸೈನ್ಸಲ್ಲಿ ಒಳ್ಳೇ ಮಾರ್ಕ್ಸ್ ಬಂದೈತೆ ಅಮ್ಮೋರೆ. ಅವ್ರ ತಾತನ್ಗೆ ಆಸ್ಪತ್ರೇಲಿ ಆಕ್ಸಿಜನ್ ಆಕ್ತಿದ್ರಲ್ಲ, ಆ ನರ್ಸಮ್ಮನ್ನ ನೋಡ್ದಾಗ್ಲಿಂದ ನಾನೂ ನರ್ಸ್ ಆಗ್ತೀನಿ ಅಂತ ಒಂದೇ ಜಪ.”

“ಮ್ಯಾಥ್ಸ್ ಬೇಡ ಅಜ್ಜಿ,” ಎಂದಳು ಹುಡುಗಿ ನನಗೆ, ಮೆಲ್ಲಗೆ. “ಅದ್ರ ಬದ್ಲು ಹೋಮ್ ಸೈನ್ಸ್ ಹಾಕಿ. ನರ್ಸಿಂಗ್‌ಗೆ ಬಯಾಲಜಿ ಇದ್ರೆ ಸಾಕು ಅಂದ್ರು ನಮ್ ಮಿಸ್ಸು.”

ಹೋಮ್ ಸೈನ್ಸ್ ಎಂದ ಕೂಡಲೇ ನನ್ನ ಬಾಯಿ ಕಹಿಯಾಯಿತು. ಹುಡುಗಿಯರಿಗೆ ಮ್ಯಾಥ್ಸ್ ಬೇಡ, ಜನರಲ್ ಸೈನ್ಸ್ ಮತ್ತು ಹೊಲಿಗೆ ಸಾಕು ಎಂದು ನಮ್ಮ ಕಾನ್ವೆಂಟಿನ ಸಿಸ್ಟರ್ಸ್ ತೀರ್ಮಾನಿಸಿದ್ದರು. ಹೂವಿನ ಭಾಗಗಳು, ನೀರು ಕುದಿಯುವುದು, ಅಷ್ಟೇ. ಡ್ಯಾಡಿಯ ಲ್ಯಾಬಿನಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದ ನನಗೆ ಕೆಮಿಸ್ಟ್ರಿ ಬಿ.ಎಸ್ಸಿ. ಮಾಡುವ ಆಸೆ. ಕಾಲೇಜಿನ ಗುಮಾಸ್ತ ನನ್ನ ಮಾರ್ಕ್ಸ್ ಕಾರ್ಡ್ ನೋಡಿ, “ಮ್ಯಾಥ್ಸೇ ಇಲ್ವಲ್ಲಮ್ಮ, ಆರ್ಟ್ಸ್ ತಗೊಳ್ಳಿ” ಎಂದ. ತಗೊಂಡೆ.

“ಡೋಂಟ್ ಬಿ ಸಿಲ್ಲಿ,” ಎಂದೆ ಹುಡುಗಿಗೆ. “ಮ್ಯಾಥ್ಸ್ ಇದ್ದರೆ ಮುಂದೆ ಯಾವ ಕೋರ್ಸಿಗೂ ಹೋಗಬಹುದು.”

“ನಂಗೆ ತಲೆಗೆ ಹತ್ತಲ್ಲ ಅಜ್ಜಿ.”

“ಸುಮ್ನಿರಲೇ,” ಎಂದು ಅವಳ ಅಜ್ಜಿ ಗದರಿದಳು. “ಇಂಗ್ಲಿಷ್ ಓದಿರೋ ಅಮ್ಮೋರ್ಗಿಂತ ನಿಂಗೆ ಗೊತ್ತಾ? ನೀವು ಬರೀರಿ ಅಮ್ಮೋರೆ.”

ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ. ಕಾನ್ವೆಂಟಿನ ದುಂಡಕ್ಷರದಲ್ಲಿ ಬರೆದೆ.

ಬಯಾಲಜಿಯಲ್ಲಿ ಇಡೀ ಕ್ಲಾಸಿಗೇ ಅವಳು ಫಸ್ಟ್. ಮ್ಯಾಥ್ಸ್ ಹೋಯಿತು. ಮತ್ತೆ ಕಟ್ಟಿದಳು, ಮತ್ತೆ ಹೋಯಿತು. ಅದೊಂದರಿಂದ ಪಿಯುಸಿಯೇ ಫೇಲು. ನರ್ಸಿಂಗ್ ಡಿಗ್ರಿಗೆ ಅರ್ಜಿ ಹಾಕುವ ಹಾಗೂ ಇಲ್ಲ. ಈಗ ಬಂಗಾರಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸಿ ಮಡಚಿಡುತ್ತಾಳೆ.

ಮೊನ್ನೆ ಇಬ್ಬರೂ ಮತ್ತೆ ಬಂದಿದ್ದರು. ಎಸ್ಸೆಸ್ಸೆಲ್ಸಿ ಆದವರಿಗೂ ಸೀಟು ಕೊಡುವ ಡಿಪ್ಲೊಮಾ ಅರ್ಜಿ. ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ, ಇನ್ನೂ ಒಂದೆರಡು. ಬೇಕಾದ್ದರ ಮುಂದೆ ಟಿಕ್ ಹಾಕಬೇಕು. ಸಹಿ ಆಗಲೇ ಆಗಿತ್ತು.

“ಹೋದ ಸಲ ತಪ್ಪು ನನ್ನದು,” ಎಂದೆ. “ಮ್ಯಾಥ್ಸ್ ಬೇಡ ಅಂದಿದ್ದಳು ಅವಳು.”

“ಓದ್ದೆ ಇದ್ದೋಳು ಅವ್ಳು, ನೀವೇನ್ ಮಾಡ್ತೀರಿ ಅಮ್ಮೋರೆ,” ಎಂದು ಅವಳ ಅಜ್ಜಿ ಪಾತ್ರೆ ತೊಳೆಯಲು ಹೋದಳು.

ಹುಡುಗಿಯ ಮುಂದೆ ಪೆನ್ನು ಹಿಡಿದೆ. “ನಿನಗೆ ಯಾವುದು ಬೇಕೋ ನೀನೇ ಹಾಕು ಕಂದ.”

“ಯಾವ್ದಾದ್ರೂ ಹಾಕಿ ಅಜ್ಜಿ. ನಂಗೆ ಬಸ್ಸಿಗೆ ಹೊತ್ತಾಯ್ತು.”

ಶುಕ್ರವಾರ ಕೊನೆಯ ದಿನ. ಅವಳ ಹೆಸರು, ವಿಳಾಸ, ಹುಟ್ಟಿದ ತಾರೀಖು ಎಲ್ಲ ತುಂಬಿದ್ದೇನೆ. ಕೋರ್ಸಿನ ಕಾಲಂ ಮಾತ್ರ ಖಾಲಿ ಇದೆ. ಕೆಳಗೆ ಅವಳ ಸಹಿ.